ಮೊದಲ ರೆಕಾರ್ಡಿಂಗ್, ಮೊದಲ ವಿಮರ್ಶೆ: ಕಲಬುರಗಿಯ ಒಂದು ಸ್ಟುಡಿಯೊ

ಕಲಬುರಗಿಯ ರಿಂಗ್ ರಸ್ತೆಯ ಒಳಬದಿಯಲ್ಲಿ, ಒಂದು ಮನೆಯ ಮೇಲಂತಸ್ತಿನ ಎರಡು ಕೋಣೆಗಳಲ್ಲಿ ನಡೆಯುವ ಸ್ಟುಡಿಯೊದಲ್ಲಿ ನಮ್ಮ ಬ್ಯಾಂಡು ಕಳೆದ ಡಿಸೆಂಬರಿನಲ್ಲಿ ತನ್ನ ಮೊದಲ ಮೂರು ಹಾಡುಗಳನ್ನು ರೆಕಾರ್ಡ್ ಮಾಡಿಸಿತು. ಅಲ್ಲಿಯ ಕೆಲಸ ಹೇಗಿದೆ ಎಂದು ಈ ಎರಡು ತಿಂಗಳಲ್ಲಿ ನಾಲ್ಕೈದು ಜನ ಕೇಳಿದ್ದಾರೆ; ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಕೆಲವು ಸಂಗತಿಗಳ ಬಗ್ಗೆ ನನಗೆ ಅಸಮಾಧಾನವಿದೆ, ಅದನ್ನು ಮುಚ್ಚಿಡುವುದಿಲ್ಲ. ಒಬ್ಬರೇ ನಿಂತು ನಡೆಸುವ ಸಣ್ಣ ಸ್ಟುಡಿಯೊ ಆದ್ದರಿಂದ ಹೆಸರನ್ನು ಮಾತ್ರ ಬರೆಯುತ್ತಿಲ್ಲ. ಮೈಕು ಮತ್ತು ಯಂತ್ರಗಳ ದೃಷ್ಟಿಯಿಂದ ನೋಡಿದರೆ ಅದು ಸಾಧಾರಣ ಸ್ಟುಡಿಯೊ. ಆದರೆ ನಾವು ನುಡಿಸಿದ್ದನ್ನು ನಮ್ಮ ಜೊತೆ ಕೂತು ಕೇಳಿ, ಎಲ್ಲಿ ತಪ್ಪಿದೆ ಎಂದು ನಿಮಿಷ ಸೆಕೆಂಡುಗಳ ಸಮೇತ ಹೇಳುವ ಕೆಲಸವನ್ನು ಅಷ್ಟು ಶ್ರದ್ಧೆಯಿಂದ ನಮಗಾಗಿ ಇದುವರೆಗೆ ಯಾರೂ ಮಾಡಿರಲಿಲ್ಲ. ಕೊಟ್ಟ ಹಣ ಸಾರ್ಥಕವಾಯಿತು ಎಂದು ನಾನು ಹೇಳುವುದು ಆ ಒಂದು ಕಾರಣಕ್ಕೆ.

ನಾವು ನಾಲ್ವರು. ಡ್ರಮ್ಸ್ ನುಡಿಸುವವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ, ಲೀಡ್ ಗಿಟಾರಿನವನು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಹಾಡುವ ಹುಡುಗ ಸೂಪರ್ ಮಾರ್ಕೆಟಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಬೇಸ್ ಗಿಟಾರು ಮತ್ತು ಸಾಹಿತ್ಯ ನನ್ನದು. ಮೂರು ವರ್ಷಗಳಿಂದ ಭಾನುವಾರಗಳಂದು ಮೇಷ್ಟ್ರ ಮನೆಯ ಮಾಳಿಗೆಯ ಕೋಣೆಯಲ್ಲಿ ಅಭ್ಯಾಸ ಮಾಡುತ್ತಾ ಬಂದಿದ್ದೇವೆ. ಈ ಮೂರು ವರ್ಷಗಳಲ್ಲಿ ನಮ್ಮ ಹಾಡನ್ನು ಕೇಳಿದವರೆಲ್ಲ ಮನೆಯವರು, ಗೆಳೆಯರು, ಗೆಳೆಯರ ಗೆಳೆಯರು. ಅವರೆಲ್ಲ ಹೇಳಿದ್ದು ಒಂದೇ ಮಾತು: "ಛಲೋ ಬಂದದ." ಆ ಮಾತಿನಲ್ಲಿ ಪ್ರೀತಿ ಇತ್ತು, ಅದಿಲ್ಲದಿದ್ದರೆ ಇಷ್ಟು ದಿನ ನಾವು ಒಟ್ಟಿಗೆ ಇರುತ್ತಲೂ ಇರಲಿಲ್ಲ. ಆದರೆ ಛಲೋ ಬಂದದ ಎಂದು ಕೇಳಿಸಿಕೊಂಡು ಮುಂದಿನ ಭಾನುವಾರ ಯಾವ ಸಾಲನ್ನು ತಿದ್ದಬೇಕು ಎಂಬುದು ತಿಳಿಯುವುದಿಲ್ಲ. ಊರಿನಲ್ಲಿ ಹಿಂದೂಸ್ತಾನಿ ಕಲಿಸುವ ಗುರುಗಳಿದ್ದಾರೆ, ಭಜನೆ, ಕವ್ವಾಲಿ, ಸಿನಿಮಾ ಹಾಡು ಎಲ್ಲಕ್ಕೂ ಕಿವಿಗಳಿವೆ. ಡಿಸ್ಟಾರ್ಷನ್ ಹಾಕಿ ಸದ್ದನ್ನು ಒರಟುಗೊಳಿಸಿದ ಗಿಟಾರಿನ ನಡುವೆ ಕನ್ನಡ ಹಾಡನ್ನು ಕೇಳಿ ಅಭಿಪ್ರಾಯ ಹೇಳುವವರು ಸಿಗುವುದು ಕಷ್ಟ. ಹಾಗಾಗಿ ಇಲ್ಲಿಯ ಕೆಲವು ಬ್ಯಾಂಡುಗಳು ಹೈದರಾಬಾದಿಗೆ ಹೋಗಿ ರೆಕಾರ್ಡ್ ಮಾಡಿಸುತ್ತವೆ. ನಾವೂ ಹೋಗುವವರಿದ್ದೆವು. ನಾಲ್ವರ ರಜೆ ಒಟ್ಟಿಗೆ ಸಿಗದೆ ಊರಲ್ಲೇ ಉಳಿದೆವು.

ಸ್ಟುಡಿಯೊದಲ್ಲಿ ಒಂದು ಕೋಣೆ ನುಡಿಸುವುದಕ್ಕೆ, ಇನ್ನೊಂದು ಕೇಳುವುದಕ್ಕೆ. ನುಡಿಸುವ ಕೋಣೆ ಹತ್ತಡಿಗೆ ಹನ್ನೆರಡಡಿ, ನೆಲಕ್ಕೆ ಶಹಾಬಾದ್ ಕಲ್ಲಿನ ಪರ್ಸಿ. ಈ ಕಲ್ಲು ಬೇಸಿಗೆಯಲ್ಲಿ ಕಾಲಿಗೆ ಎಷ್ಟು ತಂಪೋ ಮೈಕಿಗೆ ಅಷ್ಟೇ ತೊಂದರೆ, ಏಕೆಂದರೆ ಬಿದ್ದ ಸದ್ದನ್ನು ಅದು ಹಾಗೆಯೇ ಹಿಂದಕ್ಕೆ ಕಳಿಸುತ್ತದೆ. ಅದಕ್ಕಾಗಿ ಪರ್ಸಿಯ ಮೇಲೆ ಎರಡು ಪದರ ಜಮಖಾನೆ ಹಾಸಿ, ಮೂರು ಗೋಡೆಗಳಿಗೆ ದಪ್ಪ ಕೌದಿಗಳನ್ನು ಇಳಿಬಿಟ್ಟಿದ್ದಾರೆ. ಹಳೆಯ ಸೀರೆ, ಇಳಕಲ್ ಸೆರಗು, ಧೋತರದ ತುಂಡುಗಳನ್ನು ಪದರ ಪದರವಾಗಿ ಹೊಲಿದ ಕೌದಿಯು ಚಪ್ಪಾಳೆಯಂಥ ಚೂಪು ಸದ್ದನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ; ಗೋಡೆಗೆ ಒತ್ತದೆ ಒಂದು ಗೇಣು ಈಚೆ ತೂಗುಬಿಟ್ಟಿರುವುದರಿಂದ ಇನ್ನಷ್ಟು ಹೀರುತ್ತದೆ. ಬೇಸ್ ಗಿಟಾರಿನಂಥ ತಗ್ಗು ಸದ್ದಿಗೆ ಮಾತ್ರ ಕೌದಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಆ ವಿಷಯಕ್ಕೆ ಮುಂದೆ ಬರುತ್ತೇನೆ. ರೆಕಾರ್ಡ್ ಮಾಡುವಾಗ ಫ್ಯಾನು, ಎ.ಸಿ. ಎರಡನ್ನೂ ಆರಿಸುತ್ತಾರೆ. ಡಿಸೆಂಬರಿನಲ್ಲಿ ಅದು ಗೊತ್ತಾಗಲಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಕೌದಿ ಹೊದ್ದ ಆ ಕೋಣೆಯಲ್ಲಿ ಡ್ರಮ್ಸ್ ನುಡಿಸುವುದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ಚಳಿಗಾಲದಲ್ಲಿ ಹೋಗುವುದು ಒಳ್ಳೆಯದು.

ಮೊದಲ ದಿನವೇ ಒಂದು ತೊಂದರೆ ಎದುರಾಯಿತು. ಗಿಟಾರನ್ನು ಜೋಡಿಸಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ನಮ್ಮ ಕರೆಂಟು 50 ಹರ್ಟ್ಜಿನದು, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವಂಥದು. ಅರ್ಥಿಂಗ್ ಸರಿಯಿಲ್ಲದ ಕಡೆ ಆ 50 ಮತ್ತು ಅದರ ದುಪ್ಪಟ್ಟಿನ 100 ಹರ್ಟ್ಜಿನ ಗುಂಯ್‌ಗುಡುವಿಕೆ ಗಿಟಾರಿನ ದಾರಿಯಲ್ಲಿ ಒಳಗೆ ಬರುತ್ತದೆ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನಲ್ಲಿ ಒಂದೇ ಸುರುಳಿ ಇರುವ (ಸಿಂಗಲ್ ಕಾಯಿಲ್) ಗಿಟಾರಿನಲ್ಲಂತೂ ಎದ್ದು ಕೇಳುತ್ತದೆ. ಆಂಪ್ಲಿಫೈಯರ್ ಒಂದು ಸಾಕೆಟ್ಟಿನಲ್ಲಿ, ಕಂಪ್ಯೂಟರ್ ಇನ್ನೊಂದು ಗೋಡೆಯ ಸಾಕೆಟ್ಟಿನಲ್ಲಿ ಇದ್ದದ್ದೇ ಕಾರಣ ಎಂಬುದು ಗೊತ್ತಾಗಿ, ಎಲ್ಲವನ್ನೂ ಒಂದೇ ಬೋರ್ಡಿಗೆ ತಂದು ಸರಿಪಡಿಸುವಷ್ಟರಲ್ಲಿ ಎರಡು ಗಂಟೆ ಕಳೆದವು. ಆ ಎರಡು ಗಂಟೆಗಳಿಗೂ ಬಾಡಿಗೆ ಹಿಡಿದರು. ಸ್ಟುಡಿಯೊದ ವೈರಿಂಗ್ ದೋಷಕ್ಕೆ ನುಡಿಸಲು ಬಂದವರು ಹಣ ಕೊಡುವುದು ನ್ಯಾಯವಲ್ಲ. ನಾವು ಹಾಗೆಂದು ಹೇಳಿದ ಮೇಲೆ ಒಂದು ಗಂಟೆಯ ಹಣ ಬಿಟ್ಟರು, ಇನ್ನೊಂದು ಗಂಟೆಯದನ್ನು ಬಿಡಲಿಲ್ಲ.

ಇದನ್ನು ಬಿಟ್ಟರೆ ರೆಕಾರ್ಡ್ ಮಾಡುವ ರೀತಿಯಲ್ಲಿ ಶಿಸ್ತಿತ್ತು. ಡ್ರಮ್ಸಿಗೆ ನಾಲ್ಕೇ ಮೈಕುಗಳು: ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಾದ ಕಿಕ್‌ಗೆ ಒಂದು, ಚೂಪು ಸದ್ದಿನ ಸಣ್ಣ ಡ್ರಮ್ಮಾದ ಸ್ನೇರ್‌ಗೆ ಒಂದು, ತಲೆಯ ಮೇಲೆ ಎರಡು. ಮೇಲಿನ ಎರಡು ಮೈಕುಗಳನ್ನು ನಿಲ್ಲಿಸುವಾಗ ಸ್ಟುಡಿಯೊ ನಡೆಸುವವರು ಒಂದು ದಾರದ ತುದಿಯನ್ನು ಸ್ನೇರಿನ ನಟ್ಟನಡುವೆ ಹಿಡಿಸಿ, ಇನ್ನೊಂದು ತುದಿಯನ್ನು ಮೊದಲ ಮೈಕಿನವರೆಗೆ ಎಳೆದು ಗಂಟು ಹಾಕಿ, ಅದೇ ಗಂಟು ಎರಡನೆಯ ಮೈಕಿಗೂ ಸರಿಯಾಗಿ ಮುಟ್ಟುವವರೆಗೆ ಸ್ಟ್ಯಾಂಡನ್ನು ಸರಿಸಿದರು. ಸದ್ದು ಒಂದು ಮೀಟರ್ ದಾಟಲು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು ಮೂರು ಭಾಗದಷ್ಟು ಸಮಯ ಬೇಕು. ಎರಡು ಮೈಕುಗಳಿಗೆ ಅದು ಬೇರೆಬೇರೆ ಹೊತ್ತಿನಲ್ಲಿ ತಲುಪಿದರೆ ಎರಡನ್ನೂ ಕೂಡಿಸಿದಾಗ ಒಂದರ ಅಲೆ ಇನ್ನೊಂದರ ಅಲೆಯನ್ನು ತಿಂದು ಸ್ನೇರ್ ಪೊಳ್ಳಾಗಿ ಕೇಳುತ್ತದೆ. ಗಣಿತದ ಮೇಷ್ಟ್ರಿಗೆ ಆ ದಾರದ ಲೆಕ್ಕ ಎಷ್ಟು ಹಿಡಿಸಿತೆಂದರೆ ಈಗ ಅಭ್ಯಾಸದ ಕೋಣೆಯಲ್ಲೂ ಒಂದು ದಾರ ಇಟ್ಟುಕೊಂಡಿದ್ದಾರೆ. ಗಿಟಾರಿನ ಆಂಪ್ಲಿಫೈಯರಿಗೆ ಶೂರ್ ಕಂಪನಿಯವರು 1965ರಿಂದ ಮಾಡುತ್ತ ಬಂದಿರುವ ಎಸ್‌ಎಂ57 ಮೈಕನ್ನೇ ಇಟ್ಟರು. ಸ್ಪೀಕರಿನ ನಡುಭಾಗಕ್ಕೆ ಹಿಡಿದರೆ ಚೂಪು, ಎರಡು ಬೆರಳು ಅಂಚಿನ ಕಡೆಗೆ ಸರಿಸಿದರೆ ಮೆದು. ಎರಡನ್ನೂ ನುಡಿಸಿ ಕೇಳಿಸಿ ನಮಗೇ ಆರಿಸಲು ಬಿಟ್ಟರು.

ಮೂರನೆಯ ದಿನ ಸಂಜೆ, ವಾದ್ಯ, ದನಿಗಳನ್ನೆಲ್ಲ ಕೂಡಿಸಿದ ಒರಟು ಮಿಕ್ಸ್ ಸಿದ್ಧವಾದ ಮೇಲೆ, ನಾನು ಈ ಲೇಖನ ಬರೆಯಲು ಕಾರಣವಾದ ಕೆಲಸ ನಡೆಯಿತು. ಸ್ಟುಡಿಯೊ ನಡೆಸುವವರು, ನಾವು ಅವರನ್ನು ಅಣ್ಣಾ ಎಂದೇ ಕರೆಯುತ್ತೇವೆ, ಹಿಂದೆ ವರ್ಷಗಟ್ಟಲೆ ಭಜನೆ ಮತ್ತು ನಾಟಕದ ಹಾಡುಗಳನ್ನು ರೆಕಾರ್ಡ್ ಮಾಡಿದವರು. ಗೆರೆ ಹೊಡೆದ ಒಂದು ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು, "ಮೊದಲ್ ಹಾಡು ಪೂರಾ ಕೇಳ್ರಿ, ನಡುವ ಯಾರೂ ಮಾತಾಡಬ್ಯಾಡ್ರಿ" ಎಂದರು. ಮೊದಲ ಸಲ ಅವರು ಏನೂ ಬರೆಯಲಿಲ್ಲ. ಎರಡನೆಯ ಸಲ ದೊಡ್ಡ ಸ್ಪೀಕರುಗಳನ್ನು ಆರಿಸಿ ಒಂದೇ ಒಂದು ಸಣ್ಣ ಸ್ಪೀಕರಿನಲ್ಲಿ, ಎಡಬಲ ಭೇದವಿಲ್ಲದ ಮೊನೊದಲ್ಲಿ ಹಾಕಿದರು. ಮೂರನೆಯ ಸಲ ಪಕ್ಕದವರ ಉಸಿರು ಕೇಳುವಷ್ಟು ಸದ್ದು ತಗ್ಗಿಸಿದರು. ಜೋರಾಗಿ ಹಾಕಿದರೆ ಯಾವ ಹಾಡಾದರೂ ಚೆನ್ನಾಗಿಯೇ ಕೇಳುತ್ತದೆ, ಏಕೆಂದರೆ ಸದ್ದು ಏರಿದಂತೆ ನಮ್ಮ ಕಿವಿ ತಗ್ಗು ಸ್ವರಗಳನ್ನು ಹೆಚ್ಚು ತುಂಬಿಕೊಂಡು ಕೇಳುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳತೆ ಮಾಡಿ ತೋರಿಸಿದ್ದಾರೆ. ತಗ್ಗಿದ ಸದ್ದಿನಲ್ಲಿ ಉಳಿಯುವುದು ಹಾಡಿನ ಎಲುಬು ಮಾತ್ರ. ನಮ್ಮ ಹಾಡಿನಲ್ಲಿ ಆಗ ಉಳಿದದ್ದು ಸ್ನೇರ್ ಮತ್ತು ಗಿಟಾರು. ಹಾಡುವವನ ದನಿ ಇತ್ತು, ಅವನ ಮಾತು ಇರಲಿಲ್ಲ.

ಅಣ್ಣ ನೋಟ್‌ಬುಕ್ಕಿನಲ್ಲಿ ಬರೆದ ಮೊದಲ ಸಾಲು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ: "0:47 — ಬೆಳಿ ಬಿಳಿ ಆಗ್ಯದ." ಮೊದಲ ಹಾಡು ನೆಟೆ ರೋಗ ಬಂದು ಒಣಗಿದ ತೊಗರಿ ಹೊಲದ ಬಗ್ಗೆ ನಾನು ಬರೆದದ್ದು, ನಮ್ಮ ಕಡೆಯ ಮಾತಿನಲ್ಲೇ ಬರೆದದ್ದು. ಬೆಳೆಗೆ ನಾವು ಬೆಳಿ ಎನ್ನುತ್ತೇವೆ. ಹಾಡುವವನು ಆ ಎಕಾರವನ್ನು ಮೇಲಿನ ಸ್ವರಕ್ಕೆ ಎತ್ತುವಾಗ ಬಾಯಿಯನ್ನು ಕಿರಿದು ಮಾಡುತ್ತಾನೆ, ಬೆಳಿ ಹೋಗಿ ಬಿಳಿ ಆಗುತ್ತದೆ. "ತಮ್ಮಾ, ನೀ ಬೆಳಿ ಅಂದಿದ್ದು ನಂಗ ಬಿಳಿ ಅಂತ ಕೇಳ್ಸದ. ಹೊಲದಾಗ ಏನ್ ಒಣಗ್ಯದ ಅಂತ ತಿಳೀಲೇ ಇಲ್ಲ" ಎಂದರು ಅಣ್ಣ. ಮೂರು ವರ್ಷಗಳಿಂದ ಆ ಸಾಲನ್ನು ಪ್ರತಿ ಭಾನುವಾರ ಕೇಳಿದ್ದ ನನಗೆ ಅದು ಬೆಳಿ ಎಂದೇ ಕೇಳುತ್ತಿತ್ತು, ಏಕೆಂದರೆ ಬರೆದವನು ನಾನು. ಬರೆದವನ ಕಿವಿ ಆ ಪದವನ್ನು ತಾನೇ ತುಂಬಿಕೊಂಡುಬಿಡುತ್ತದೆ. ಹೊರಗಿನ ಒಂದು ಕಿವಿ ಬೇಕಾಗುವುದು ಇಂಥ ಕಡೆ.

ಇನ್ನೊಂದು ಟಿಪ್ಪಣಿ ಅದಕ್ಕಿಂತ ಸೂಕ್ಷ್ಮವಾಗಿತ್ತು. ಪಲ್ಲವಿಯಲ್ಲಿ "ಸುಟ್ಟ" ಎಂಬ ಪದ ಬರುತ್ತದೆ, ಅದು "ಸುಟ" ಎಂದು ಕೇಳುತ್ತಿದೆ ಎಂದರು. ಹಾಡುವವನು ಒತ್ತಕ್ಷರವನ್ನು ಸರಿಯಾಗಿಯೇ ಹೇಳಿದ್ದಾನೆ ಎಂದು ನಾವು ವಾದಿಸಿದೆವು. ಅವರು ವಾದಿಸದೆ ಅವನ ದನಿಯೊಂದನ್ನೇ ಉಳಿಸಿ ಮಿಕ್ಕ ಎಲ್ಲವನ್ನೂ ಮುಚ್ಚಿ ಕೇಳಿಸಿದರು: ಸುಟ್ಟ ಎಂದು ಸ್ಪಷ್ಟವಾಗಿ ಇತ್ತು. ಆಮೇಲೆ ಅದೇ ದನಿಗೆ ಹಾಕಿದ್ದ ರಿವರ್ಬನ್ನು, ಅಂದರೆ ದೊಡ್ಡ ಕೋಣೆಯಲ್ಲಿ ಉಳಿಯುವಂಥ ಅನುರಣನವನ್ನು, ಸೇರಿಸಿದರು: ಸುಟ ಆಯಿತು. ಒತ್ತಕ್ಷರ ಎಂದರೆ ಸುಮ್ಮನೆ ಎರಡು ಟಕಾರಗಳಲ್ಲ. ನಾಲಗೆ ಅಂಗುಳಕ್ಕೆ ತಾಗಿ ಗಾಳಿಯನ್ನು ಕಟ್ಟಿಹಾಕಿ ನಿಲ್ಲುವ ಒಂದು ಕ್ಷಣದ ಮೌನ ಅದರೊಳಗಿದೆ, ಆ ಮೌನ ಇರುವುದರಿಂದಲೇ ಸುಟ್ಟ ಎಂಬುದು ಸುಟ್ಟ ಆಗುತ್ತದೆ. ಎರಡೂವರೆ ಸೆಕೆಂಡು ಎಳೆಯುವ ರಿವರ್ಬಿನ ಬಾಲ ಹಿಂದಿನ ಉಕಾರವನ್ನು ತಂದು ಆ ಮೌನದ ಸಂದಿಯೊಳಗೆ ಸುರಿಯುತ್ತದೆ. ದೊಡ್ಡ ಸದ್ದಿಗೂ ಸಣ್ಣ ಸದ್ದಿಗೂ ಇರುವ ಅಂತರ ತಗ್ಗಿಸುವ ಕಂಪ್ರೆಸರ್ ಕೂಡ ಸಣ್ಣ ಸದ್ದನ್ನು ಮೇಲೆತ್ತುವುದರಿಂದ ಆ ಸಂದಿ ಇನ್ನಷ್ಟು ತುಂಬುತ್ತದೆ. ಅಕ್ಕಿ, ಕಟ್ಟಿ, ಎತ್ತು, ಅಪ್ಪ ಎಂದು ಹೆಜ್ಜೆಗೊಂದು ಒತ್ತಕ್ಷರ ಇರುವ ಭಾಷೆಯಲ್ಲಿ ಹಾಡುವಾಗ ಇಂಗ್ಲಿಷ್ ರಾಕ್ ಹಾಡಿಗೆ ಒಪ್ಪುವ ರಿವರ್ಬನ್ನು ಹಾಗೆಯೇ ತಂದು ಹಾಕಿದರೆ ಅರ್ಧ ಪದಗಳು ಮುಳುಗುತ್ತವೆ. ರಿವರ್ಬನ್ನು ಒಂದು ಸೆಕೆಂಡಿನ ಆಸುಪಾಸಿಗೆ ಇಳಿಸಿ, ದನಿಯ ನಂತರ ಒಂದಿಷ್ಟು ತಡವಾಗಿ ಶುರುವಾಗುವಂತೆ ಮಾಡಿದರು. ಮಾತಿನ ಸ್ಪಷ್ಟತೆ ಇರುವ ಎರಡರಿಂದ ನಾಲ್ಕು ಸಾವಿರ ಹರ್ಟ್ಜಿನ ಜಾಗದಲ್ಲೇ ಗಿಟಾರಿನ ಡಿಸ್ಟಾರ್ಷನ್ ಕೂಡ ಕೂತಿದ್ದರಿಂದ, ಹಾಡುವ ಸಾಲುಗಳಲ್ಲಷ್ಟೇ ಗಿಟಾರನ್ನು ಅಲ್ಲಿ ಮೂರು ಡೆಸಿಬೆಲ್ ತಗ್ಗಿಸಿದರು. ಬೆಳಿಯ ಸಾಲನ್ನು ಹುಡುಗ ಮತ್ತೆ ಹಾಡಿದ. ಆರನೆಯ ಟೇಕಿಗೆ ಅದು ಬೆಳಿ ಆಯಿತು.

ಹಿಂದೆ ಭಜನೆ ರೆಕಾರ್ಡ್ ಮಾಡಿದ ಅನುಭವ ಇಲ್ಲಿ ಕೆಲಸಕ್ಕೆ ಬಂದಿದೆ ಎಂದು ನನಗೆ ಅನಿಸಿತು. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುವ ನಮ್ಮ ಜಿಲ್ಲೆಯಲ್ಲಿ ಏಕತಾರಿ, ತಾಳ, ದಮ್ಮಡಿಗಳು ಎಷ್ಟೇ ಜೋರಾದರೂ ಪದದ ಅರ್ಥ ಕೇಳುವವನಿಗೆ ಮುಟ್ಟಲೇಬೇಕು. ಆ ಕಿವಿ ಇರುವವರು ರಾಕ್ ಹಾಡನ್ನು ಕೇಳುವಾಗಲೂ ಮೊದಲು ಹುಡುಕುವುದು ಪದವನ್ನೇ. ಡಿಸ್ಟಾರ್ಷನ್ನಿನ ಸೊಗಸು ಅವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಲೀಡ್ ಗಿಟಾರಿನವನ ಸದ್ದನ್ನು ಎರಡು ಹಾಡುಗಳಲ್ಲಿ ಬೇಕಾದ್ದಕ್ಕಿಂತ ಮೆದು ಮಾಡಿಟ್ಟರು, ಅವನು ಗಟ್ಟಿಯಾಗಿ ನಿಂತು ತನ್ನ ಸದ್ದನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಕೇಳಿದ ಮೇಲೆ ಬೇಸರಿಸದೆ ಬದಲಾಯಿಸಿದರು ಎಂಬುದನ್ನೂ ಹೇಳಬೇಕು.

ಬೇಸ್ ಗಿಟಾರಿನ ವಿಷಯದಲ್ಲಿ ನಮ್ಮನಮ್ಮಲ್ಲೇ ಜಗಳ ಹತ್ತಿತು. ಕೇಳುವ ಕೋಣೆಯ ಹಿಂದಿನ ಗೋಡೆಗೆ ತಾಗಿದ ಸೋಫಾದಲ್ಲಿ ಮೇಷ್ಟ್ರು ಮತ್ತು ಲೀಡ್‌ನವನು ಕೂತಿದ್ದರು, ಮುಂದಿನ ಕುರ್ಚಿಯಲ್ಲಿ ಹಾಡುವ ಹುಡುಗ, ಅವನ ಪಕ್ಕದಲ್ಲಿ ನಾನು. ಬೇಸ್ ವಿಪರೀತವಾಗಿದೆ, ಎದೆ ಅದುರುತ್ತಿದೆ ಎಂದು ಸೋಫಾದವರು. ಬೇಸ್ ಇಲ್ಲವೇ ಇಲ್ಲ ಎಂದು ಕುರ್ಚಿಯವರು. ಅಣ್ಣ ನಗುತ್ತಾ ಎದ್ದು, ನಮ್ಮ ಜಾಗಗಳನ್ನು ಅದಲುಬದಲು ಮಾಡಿಸಿ ಅದೇ ಸಾಲನ್ನು ಮತ್ತೆ ಹಾಕಿದರು. ಈಗ ನನಗೆ ಬೇಸ್ ವಿಪರೀತ, ಮೇಷ್ಟ್ರಿಗೆ ಇಲ್ಲವೇ ಇಲ್ಲ. ಆ ಕೋಣೆಯ ಉದ್ದ ಹತ್ತಡಿ, ಅಂದರೆ ಮೂರು ಮೀಟರಿಗೆ ತುಸು ಹೆಚ್ಚು. ಎದುರುಬದುರು ಗೋಡೆಗಳ ನಡುವೆ ಸದ್ದು ಹೋಗಿಬಂದು ನಿಂತ ಅಲೆಯಾಗುವುದು ಅಷ್ಟು ಉದ್ದದ ಕೋಣೆಯಲ್ಲಿ ಸುಮಾರು 56 ಹರ್ಟ್ಜಿಗೆ. ನನ್ನ ಬೇಸಿನ ಮೂರನೆಯ ತಂತಿಯನ್ನು ಬಿಟ್ಟು ಮೀಟಿದರೆ ಬರುವ ಸ್ವರ 55 ಹರ್ಟ್ಜ್, ಮತ್ತು ನಮ್ಮ ಹಾಡು ನಿಂತಿರುವುದೇ ಆ ಸ್ವರದ ಮೇಲೆ. ಗೋಡೆಯ ಬಳಿ ಅದು ಉಬ್ಬುತ್ತದೆ, ಕೋಣೆಯ ನಡುವೆ ಅಡಗುತ್ತದೆ. ಜಗಳವಾಡಿದ ನಾಲ್ವರೂ ಕೇಳಿಸಿದ್ದನ್ನೇ ಹೇಳಿದ್ದರು. ಕೌದಿಯಿಂದ ಆಗದ ಕೆಲಸ ಎಂದು ಮೇಲೆ ಹೇಳಿದ್ದು ಇದನ್ನೇ. ಮೂಲೆಗಳಲ್ಲಿ ಮೊಳದಷ್ಟು ದಪ್ಪದ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ಇಟ್ಟರೆ ಕಡಿಮೆಯಾಗುತ್ತದೆ, ಆ ಸ್ಟುಡಿಯೊದಲ್ಲಿ ಅದಿಲ್ಲ. ಅಣ್ಣನಿಗೆ ತಮ್ಮ ಕೋಣೆಯ ಈ ಗುಣ ಗೊತ್ತಿದೆ, ಆದ್ದರಿಂದ ಬೇಸನ್ನು ಮಾತ್ರ ಹೆಡ್‌ಫೋನಿನಲ್ಲಿ ಕೇಳಿ ನಿರ್ಧರಿಸುತ್ತಾರೆ. ಅಲ್ಲಿಗೆ ಹೋಗುವವರು ಸೋಫಾದಲ್ಲಿ ಕೂತು ಬೇಸ್ ಬಗ್ಗೆ ಅಭಿಪ್ರಾಯ ಹೇಳದಿರುವುದು ಉತ್ತಮ.

ಈಗ ನನ್ನ ದೊಡ್ಡ ದೂರು. ಎರಡನೆಯ ಮತ್ತು ಮೂರನೆಯ ಹಾಡುಗಳನ್ನು ಕೇಳಿದ ಮೇಲೆ ನೋಟ್‌ಬುಕ್ಕಿನಲ್ಲಿ ಬಂದ ಟಿಪ್ಪಣಿಗಳಲ್ಲಿ ಅರ್ಧದಷ್ಟು ಮಿಕ್ಸಿಗೆ ಸಂಬಂಧಿಸಿದವೇ ಆಗಿರಲಿಲ್ಲ. ಮೂರನೆಯ ಹಾಡಿನ ಮುನ್ನುಡಿ ಐವತ್ತು ಸೆಕೆಂಡು ಇದೆ, ಅದು ಬಹಳ ಉದ್ದ. ಎರಡನೆಯ ಚರಣ ಮೊದಲನೆಯದರ ಪಡಿಯಚ್ಚು, ನಡುವೆ ಏನಾದರೂ ಬದಲಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೂರನೆಯ ಹಾಡು ನಿಮಿಷಕ್ಕೆ 112 ಬಡಿತಗಳಲ್ಲಿ ಶುರುವಾಗಿ ಪಲ್ಲವಿ ಬಂದಾಗಲೆಲ್ಲ ಮುಂದಕ್ಕೆ ಓಡಿ, ಕೊನೆಯ ಹೊತ್ತಿಗೆ 120ರ ಹತ್ತಿರ ಹೋಗುತ್ತದೆ. ಮೂರು ಮಾತುಗಳೂ ನಿಜ, ಮೂರನ್ನೂ ನಾನು ಒಪ್ಪುತ್ತೇನೆ. ಆದರೆ ಇವುಗಳನ್ನು ಡ್ರಮ್ಸ್ ರೆಕಾರ್ಡ್ ಆಗಿ ಮುಗಿದ ಮೇಲೆ, ಮೂರನೆಯ ದಿನ ಹೇಳಿ ಏನು ಪ್ರಯೋಜನ? ರಾಕ್ ಹಾಡಿನ ರೆಕಾರ್ಡಿಂಗಿನಲ್ಲಿ ಮೊದಲು ಕೂರುವುದು ಡ್ರಮ್ಸ್, ಅದರ ಮೇಲೆ ಬೇಸ್, ಅದರ ಮೇಲೆ ಗಿಟಾರು, ಕೊನೆಗೆ ದನಿ. ಬುನಾದಿ ಜಾರಿದೆ ಎಂಬುದು ಮಾಳಿಗೆ ಹಾಕಿದ ಮೇಲೆ ತಿಳಿದರೆ ಎಲ್ಲವನ್ನೂ ಇಳಿಸಬೇಕಾಗುತ್ತದೆ. ಲಯ ತಪ್ಪದಂತೆ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂದು ಕೇಳಿಸುವ ಕ್ಲಿಕ್ ಬೇಡ ಎಂದು ಮೇಷ್ಟ್ರು ಹೇಳಿದಾಗ ಅಣ್ಣ ಒಪ್ಪಿಕೊಂಡುಬಿಟ್ಟರು. ಮೂರನೆಯ ಹಾಡಿಗಾದರೂ ಕ್ಲಿಕ್ ಹಾಕಿ ಎಂದು ಒತ್ತಾಯಿಸಬೇಕಿತ್ತು. ಮೊದಲ ಸಲ ಸ್ಟುಡಿಯೊಕ್ಕೆ ಬರುವವರಿಗೆ ತಾವು ಓಡುತ್ತಿದ್ದೇವೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಿರುವವರು ಹೇಳಬೇಕು, ಹೊತ್ತಿಗೆ ಮುಂಚೆ ಹೇಳಬೇಕು.

ಇದನ್ನು ನಾನು ಅವರಿಗೆ ನೇರವಾಗಿಯೇ ಹೇಳಿದೆ. ರೆಕಾರ್ಡಿಂಗಿಗೆ ಒಂದು ವಾರ ಮೊದಲು ಅಭ್ಯಾಸದ ಕೋಣೆಯಲ್ಲಿ ಫೋನಿನಲ್ಲೇ ಹಿಡಿದ ಹಾಡುಗಳನ್ನು ತರಿಸಿಕೊಂಡು ಕೇಳಿದ್ದರೆ ಈ ಮೂರು ಮಾತುಗಳೂ ಆಗಲೇ ಸಿಗುತ್ತಿದ್ದವು. ಲಯ ಓಡುವುದನ್ನು, ಮುನ್ನುಡಿ ಉದ್ದವಾದುದನ್ನು ತಿಳಿಯಲು ಒಳ್ಳೆಯ ಮೈಕೇನೂ ಬೇಕಾಗಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಅದ. ಭಜನಿಯವರು ಪದ ಕಲ್ತೇ ಬರ್ತಾರ, ಹಂಗಾಗಿ ನಾ ಕೇಳ್ಲಿಲ್ಲ" ಎಂದರು. ಆ ಉತ್ತರ ಪ್ರಾಮಾಣಿಕವಾಗಿತ್ತು. ನಮ್ಮ ಮೂರನೆಯ ಹಾಡಿಗೆ ಅದರಿಂದ ಸಹಾಯವಾಗಲಿಲ್ಲ.

ಮಿಕ್ಸ್ ತಿದ್ದಿದ ಮೇಲೆ ಅದನ್ನು ಬೇರೆಬೇರೆ ಕಡೆ ಕೇಳಿ ಬರಲು ಕಳಿಸಿದರು. ಕಾರಿನಲ್ಲಿ, ಮನೆಯ ಟಿ.ವಿ.ಯಲ್ಲಿ, ಫೋನಿನ ಸ್ಪೀಕರಿನಲ್ಲಿ ಕೇಳಿದೆವು. ಫೋನಿನ ಪುಟ್ಟ ಸ್ಪೀಕರ್ 55 ಹರ್ಟ್ಜನ್ನು ಹೊರಡಿಸುವುದೇ ಇಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು ಎಂದು ಮೇಲೇರುವ ಸ್ವರಗಳಿದ್ದರೆ (ಹಾರ್ಮೋನಿಕ್ಸ್) ಮಾತ್ರ ಬೇಸ್ ಇದೆ ಎಂದು ಕಿವಿ ಊಹಿಸಿಕೊಳ್ಳುತ್ತದೆ. ನಮ್ಮ ಬೇಸಿಗೆ ಒಂದಿಷ್ಟು ಒರಟುತನ ಸೇರಿಸಿದ ಮೇಲೆ ಫೋನಿನಲ್ಲೂ ಕೇಳತೊಡಗಿತು. ಲೀಡ್‌ನವನ ಪರಿಚಯದ ಟಂಟಂ ಆಟೊ ಓಡಿಸುವವರೊಬ್ಬರು ಸ್ಟೇಷನ್ನಿನಿಂದ ಗಂಜಿನವರೆಗೆ ನಮ್ಮ ಎರಡು ಹಾಡುಗಳನ್ನು ಹಾಕಿಕೊಂಡು ಹೋದರು. ಎಂಜಿನ್ನಿನ ಸದ್ದಿನ ನಡುವೆ ಪಲ್ಲವಿಯ ಮಾತುಗಳು ಹಿಂದಿನ ಸೀಟಿಗೆ ಕೇಳಿದವು. ನನಗೆ ಆ ದಿನ ಆದ ಸಂತೋಷವನ್ನು ಬರೆದು ತಿಳಿಸಲಾರೆ.

ಮನೆಯ ಹತ್ತಿರದ ಭಜನಿ ಮಂಡಳಿಯ ಕಾಕಾ ಒಬ್ಬರಿಗೆ ಒರಟು ಮಿಕ್ಸನ್ನು ಕೇಳಿಸಿದ್ದಾಗ ಅವರು ಹೇಳಿದ್ದು, "ಬಾಜಾ ಭಾಳ ಜೋರದ, ಪದ ಎಲ್ಲದ?" ಎಂದು. ತಿದ್ದಿದ ಮೇಲೆ ಮತ್ತೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, ನೆಟೆ ರೋಗಕ್ಕೆ ತಮ್ಮ ಹೊಲದಲ್ಲಿ ಹೋದ ತೊಗರಿಯ ಲೆಕ್ಕ ಹೇಳತೊಡಗಿದರು. ಹಾಡಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಹೊಲದ ಬಗ್ಗೆಯೇ ಅರ್ಧ ಗಂಟೆ ಮಾತಾಡಿದರು.

ಮಿಕ್ಸನ್ನು ಬಿಡುಗಡೆಗೆ ಕೊನೆಯದಾಗಿ ಸಜ್ಜುಗೊಳಿಸುವ ಮಾಸ್ಟರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಕೊಟ್ಟ ಮಾಸ್ಟರನ್ನು ಅತಿಯಾಗಿ ಒತ್ತಿ ಜೋರು ಮಾಡಿದ್ದರು, ಅಳತೆ ಮಾಡಿದಾಗ ಮೈನಸ್ 8 ಎಲ್‌ಯುಎಫ್‌ಎಸ್ ಬಂತು (ಇದು ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಸ್ಪಾಟಿಫೈಯಂಥ ಕಡೆ ಹಾಡನ್ನು ಮೈನಸ್ 14ರ ಮಟ್ಟಕ್ಕೆ ಅವರೇ ಇಳಿಸುತ್ತಾರೆ, ಆದ್ದರಿಂದ ಒತ್ತಿದ್ದರಿಂದ ಜೋರಿನ ಲಾಭ ಸಿಗುವುದಿಲ್ಲ, ಸ್ನೇರಿನ ಪೆಟ್ಟು ಸತ್ತದ್ದು ಮಾತ್ರ ಉಳಿಯುತ್ತದೆ. ಹೇಳಿದ ಮೇಲೆ ಹಣ ಕೇಳದೆ ಮತ್ತೆ ಮಾಡಿಕೊಟ್ಟರು. ಗಂಟೆಗೆ 500 ರೂಪಾಯಿಯಂತೆ 18 ಗಂಟೆ, ಹಾಡಿಗೆ 2,500ರಂತೆ ಮೂರು ಮಿಕ್ಸ್, ಎಲ್ಲ ಸೇರಿ 16,500 ರೂಪಾಯಿ ಖರ್ಚಾಯಿತು. ಮೇಲೆ ಹೇಳಿದ ಗುಂಯ್ ಸದ್ದಿನ ಒಂದು ಗಂಟೆ ಆ ಹದಿನೆಂಟರಲ್ಲೇ ಸೇರಿದೆ. ಒಂದು ಮಿಕ್ಸಿಗೆ ಎರಡು ಸಲದ ತಿದ್ದುಪಡಿ ಉಚಿತ. ಕೇಳುವ ಸಂಜೆಗೆ ಅವರು ಬೇರೆ ಹಣ ಹಿಡಿಯಲಿಲ್ಲ, ಸುಮಾರು ಮೂರೂವರೆ ಗಂಟೆ ಕೂತಿದ್ದರು. 24 ಬಿಟ್, 48 ಸಾವಿರ ಹರ್ಟ್ಜಿನ ಕಡತಗಳನ್ನು, ವಾದ್ಯಗಳ ಬಿಡಿ ಟ್ರ್ಯಾಕುಗಳ ಸಮೇತ, ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರು. ಬಿಡಿ ಟ್ರ್ಯಾಕುಗಳನ್ನು ಕೇಳಿ ಪಡೆಯುವುದನ್ನು ಮರೆಯಬೇಡಿ, ನಾಳೆ ಬೇರೆ ಕಡೆ ಮಿಕ್ಸ್ ಮಾಡಿಸಬೇಕೆಂದರೆ ಅವೇ ಬೇಕು.

ಹೊಳೆಯುವ, ದೊಡ್ಡ ಸ್ಟುಡಿಯೊದ ಸದ್ದು ಬೇಕಾದವರಿಗೆ ಈ ಜಾಗ ಸಾಲದು. ಡ್ರಮ್ಸಿನ ಕೋಣೆ ಸಣ್ಣದು, ಅದು ಸಣ್ಣದಾಗಿಯೇ ಕೇಳುತ್ತದೆ. ಕನ್ನಡದಲ್ಲಿ ಹಾಡುವ, ತಮ್ಮ ಮಾತು ಕೇಳುವವರಿಗೆ ಮುಟ್ಟಬೇಕು ಎಂದು ಬಯಸುವ ಹೊಸ ಬ್ಯಾಂಡಿನವರು ಅಗತ್ಯವಾಗಿ ಹೋಗಬಹುದು. ಹೋಗುವ ಮೊದಲೇ ನಿಮ್ಮ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೆ ಕೊಟ್ಟು, ಆ ನೋಟ್‌ಬುಕ್ಕನ್ನು ತೆರೆಯಲು ನೀವೇ ಕೇಳಿಕೊಳ್ಳಿ. ನಾವು ಎರಡು ಹಾಡುಗಳನ್ನು ಹೊರಗೆ ಬಿಟ್ಟಿದ್ದೇವೆ, ಮೂರನೆಯದನ್ನು ಬಿಟ್ಟಿಲ್ಲ. ಅದರ ಡ್ರಮ್ಸನ್ನು ಮತ್ತೆ ನುಡಿಸಲು ಈ ತಿಂಗಳ ಕೊನೆಯ ಭಾನುವಾರ ಗೊತ್ತಾಗಿದೆ. ಮುನ್ನುಡಿಯನ್ನು ಇಪ್ಪತ್ತು ಸೆಕೆಂಡಿಗೆ ಇಳಿಸಿ, ಕ್ಲಿಕ್ ಹಾಕಿಕೊಂಡು ನುಡಿಸಿದ್ದನ್ನು ಮೊನ್ನೆ ಫೋನಿನಲ್ಲಿ ಹಿಡಿದು ಕಳಿಸಿದೆವು. ನಿನ್ನೆ ರಾತ್ರಿ ಅಣ್ಣನಿಂದ ನೋಟ್‌ಬುಕ್ಕಿನ ಪುಟದ ಫೋಟೊ ಬಂದಿದೆ, ಅದರಲ್ಲಿ ಒಂಬತ್ತು ಸಾಲುಗಳಿವೆ.